ಹಾರ್ಮೋನು: ಒಂದು ಕೆಲಸದ ಹೆಸರು

ನಾವು ಆಡುವ ಹೆಚ್ಚಿನ ಪದಗಳಿಗೆ ಹುಟ್ಟಿದ ದಿನ ಗೊತ್ತಿರುವುದಿಲ್ಲ. 'ರಕ್ತ' ಎಂದು ಮೊದಲು ಅಂದವರು ಯಾರು, 'ಕರುಳು' ಎಂದು ಕರೆದವರು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಹಾರ್ಮೋನಿಗೆ ಮಾತ್ರ ಜಾತಕವಿದೆ. 1905ರ ಜೂನ್ 20ರಂದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ವೈದ್ಯರ ಸಭೆಯೊಂದರ ಮುಂದೆ ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಮೂವತ್ತೊಂಬತ್ತು ವರ್ಷದ ಪ್ರಾಧ್ಯಾಪಕ ಉಪನ್ಯಾಸ ಮಾಡುತ್ತಿದ್ದ. ದೇಹದ ಒಂದು ಅಂಗ ಇನ್ನೊಂದು ದೂರದ ಅಂಗಕ್ಕೆ ರಾಸಾಯನಿಕಗಳ ಮೂಲಕ ಹೇಗೆ ಸುದ್ದಿ ಮುಟ್ಟಿಸುತ್ತದೆ ಎಂಬುದು ವಿಷಯ. ಮಾತಿನ ನಡುವೆ, ಈ ರಾಸಾಯನಿಕ ದೂತರನ್ನು ಬೇಕಿದ್ದರೆ 'ಹಾರ್ಮೋನು'ಗಳು ಎನ್ನಬಹುದು ಎಂದು ಹೇಳಿ, ಗ್ರೀಕ್ ಮೂಲವನ್ನು ಒಂದು ಮಾತಿನಲ್ಲಿ ತಿಳಿಸಿ ಮುಂದೆ ಹೋದ. ಹೊಸ ಪದವನ್ನು ಲೋಕಾರ್ಪಣೆ ಮಾಡುವ ಗತ್ತು ಅದರಲ್ಲಿ ಇರಲಿಲ್ಲ.

ಇಂದು ಆ ಪದ ಸ್ಟಾರ್ಲಿಂಗ್‌ಗಿಂತ ಎಷ್ಟೋ ಪಟ್ಟು ಪ್ರಸಿದ್ಧ. ಹದಿಹರೆಯದ ಹುಡುಗ ಬಾಗಿಲು ಧಡ್ ಎಂದು ಹಾಕಿಕೊಂಡರೆ ಹಾರ್ಮೋನು. ತೂಕ ಏರಿದರೆ, ಕೂದಲು ಉದುರಿದರೆ, ಮುಟ್ಟು ಮುಂದಕ್ಕೆ ಹೋದರೆ, ರಾತ್ರಿ ನಿದ್ದೆ ಬಾರದಿದ್ದರೆ ಹಾರ್ಮೋನು. ಫಾರಂ ಕೋಳಿ ದಪ್ಪಗಿದೆ ಎಂದರೂ ಹಾರ್ಮೋನಿನ ಮೇಲೆಯೇ ಗುಮಾನಿ. ಇಷ್ಟೊಂದು ಹೊರೆ ಹೊತ್ತ ಪದ ಹುಟ್ಟಿದ್ದು ಬಹಳ ಸಣ್ಣ ಪ್ರಶ್ನೆಯೊಂದರಿಂದ: ಜಠರದಿಂದ ಹುಳಿ ಕೆಳಗಿಳಿದದ್ದು ಮೇದೋಜೀರಕ ಗ್ರಂಥಿಗೆ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆಯನ್ನು ಬಿಡಿಸಿ ನೋಡೋಣ. ನಾವು ಉಂಡದ್ದು ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಕಲಸಿ ಹುಳಿಗಂಜಿಯಾಗುತ್ತದೆ. ಅದು ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿನ ಮೊದಲ ತುಂಡಿಗೆ, ಎಂದರೆ ಡುವೊಡಿನಮ್‌ಗೆ ಇಳಿಯುತ್ತದೆ. ಜಠರದ ಒಳಗೋಡೆಗೆ ಲೋಳೆಯ ದಪ್ಪ ರಕ್ಷೆ ಇದೆ, ಆಮ್ಲವನ್ನು ತಡೆದುಕೊಳ್ಳುತ್ತದೆ. ಕರುಳಿಗೆ ಅಷ್ಟು ರಕ್ಷೆ ಇಲ್ಲ. ಮೇಲಾಗಿ ಕರುಳಿನಲ್ಲಿ ಕೆಲಸ ಮಾಡಬೇಕಾದ ಕಿಣ್ವಗಳು ಹುಳಿಯಲ್ಲಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಹುಳಿ ಬಂದ ತಕ್ಷಣ ಅದನ್ನು ಮುರಿಯುವ ಕ್ಷಾರ ಬೇಕು. ಅದನ್ನು ಒದಗಿಸುವುದು ಜಠರದ ಹಿಂದೆ ಅಡ್ಡ ಮಲಗಿರುವ ಮೇದೋಜೀರಕ ಗ್ರಂಥಿ. ದಿನಕ್ಕೆ ಒಂದರಿಂದ ಒಂದೂವರೆ ಲೀಟರಿನಷ್ಟು ಬೈಕಾರ್ಬನೇಟ್ ತುಂಬಿದ ರಸವನ್ನು ಅದು ನಳಿಕೆಯ ಮೂಲಕ ಕರುಳಿಗೆ ಸುರಿಯುತ್ತದೆ. ಸುರಿಯುವ ಹೊತ್ತು ತಪ್ಪುವುದಿಲ್ಲ. ಹುಳಿ ಬಂದ ಕೆಲವೇ ನಿಮಿಷಗಳಲ್ಲಿ ರಸ ಬರುತ್ತದೆ, ಹುಳಿ ಮುರಿದ ಮೇಲೆ ನಿಲ್ಲುತ್ತದೆ. ಯಾರೋ ಗ್ರಂಥಿಗೆ ಹೇಳುತ್ತಿರಬೇಕು.

ಹೇಳುವವರು ನರಗಳೇ ಎಂಬುದು ಆ ಕಾಲದ ದೊಡ್ಡವರ ತೀರ್ಮಾನ. ಆ ದೊಡ್ಡವರಲ್ಲಿ ಅತಿ ದೊಡ್ಡವನು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನ ಇವಾನ್ ಪಾವ್ಲೊವ್. ಗಂಟೆ ಬಾರಿಸಿ ನಾಯಿಯ ಬಾಯಲ್ಲಿ ನೀರೂರಿಸಿದವನೆಂದು ಶಾಲೆಯ ಪುಸ್ತಕಗಳಲ್ಲಿ ಓದಿದ್ದೇವಲ್ಲ, ಆತನೇ. ಆದರೆ 1904ರಲ್ಲಿ ಅವನಿಗೆ ನೊಬೆಲ್ ಬಂದದ್ದು ಆ ಕೆಲಸಕ್ಕಲ್ಲ, ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕೆ. ಮಿದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರವನ್ನು ಚೋದಿಸಿದರೆ ಮೇದೋಜೀರಕದಿಂದ ರಸ ಬರುತ್ತದೆ ಎಂದು ಅವನು ತೋರಿಸಿದ್ದ. ಅಲ್ಲಿಂದ ಜೀರ್ಣಾಂಗಗಳ ಆಡಳಿತವೆಲ್ಲ ನರಗಳ ಕೈಯಲ್ಲಿದೆ ಎಂಬ ನಂಬಿಕೆ ಬೇರೂರಿತ್ತು. ಪಾವ್ಲೊವ್‌ನ ಶಿಷ್ಯನೊಬ್ಬ ಮತ್ತು ಫ್ರಾನ್ಸಿನ ಇಬ್ಬರು ಸಂಶೋಧಕರು ಮುಖ್ಯ ನರಗಳನ್ನು ಕತ್ತರಿಸಿ ಕರುಳಿಗೆ ಆಮ್ಲ ಹಾಕಿ ನೋಡಿದ್ದರು. ಆಗಲೂ ರಸ ಬಂತು. ಹಾಗಾದರೆ ಕರುಳಿನ ಹತ್ತಿರವೇ ಎಲ್ಲೋ ಸಣ್ಣ ನರಜಾಲ ಇರಬೇಕು, ಅದು ಈ ಕೆಲಸ ಮಾಡುತ್ತಿರಬೇಕು ಎಂದುಕೊಂಡರು. ಕಣ್ಣೆದುರಿಗೇ ಉತ್ತರ ಇತ್ತು, ಆದರೆ ಇಟ್ಟುಕೊಂಡಿದ್ದ ಪ್ರಶ್ನೆ 'ಯಾವ ನರ?' ಎಂಬುದಾಗಿತ್ತು.

ಸ್ಟಾರ್ಲಿಂಗ್ ಮತ್ತು ವಿಲಿಯಂ ಬೇಲಿಸ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಜೊತೆಯಾಗಿ ಕೆಲಸ ಮಾಡುತ್ತಿದ್ದವರು. ಬೇಲಿಸ್ ಮದುವೆಯಾಗಿದ್ದು ಸ್ಟಾರ್ಲಿಂಗ್‌ನ ತಂಗಿಯನ್ನು, ಹೀಗಾಗಿ ನಂಟೂ ಸೇರಿಕೊಂಡಿತ್ತು. ಬೇಲಿಸ್ ನಿಧಾನಿ, ಪ್ರತಿಯೊಂದನ್ನೂ ತೂಗಿ ನೋಡುವವನು. ಸ್ಟಾರ್ಲಿಂಗ್ ಅವಸರದವನು, ಮನಸ್ಸಿಗೆ ಬಂದದ್ದನ್ನು ಕೂಡಲೇ ಮಾಡಿ ನೋಡಬೇಕು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿಕೊಡುವ ಇಂಥ ಜೋಡಿ ವಿಜ್ಞಾನದಲ್ಲಿ ಅಪರೂಪ.

1902ರ ಜನವರಿ 16ರ ಮಧ್ಯಾಹ್ನ ಅವರು ಅರಿವಳಿಕೆ ಕೊಟ್ಟ ನಾಯಿಯೊಂದರ ಮೇಲೆ ಪ್ರಯೋಗ ಮಾಡಿದರು. ಗೆಳೆಯ ಚಾರ್ಲ್ಸ್ ಮಾರ್ಟಿನ್ ಆಕಸ್ಮಿಕವಾಗಿ ಅಲ್ಲಿದ್ದ. ಮುಂದೆ ಆ ಮಧ್ಯಾಹ್ನದ ವಿವರ ಬರೆದಿಟ್ಟವನು ಅವನೇ. ಮೊದಲು ಡುವೊಡಿನಮ್‌ಗೆ ತೆಳುವಾದ ಆಮ್ಲ ಹಾಕಿದರು. ನಿರೀಕ್ಷಿಸಿದಂತೆ ಮೇದೋಜೀರಕದ ನಳಿಕೆಯಿಂದ ರಸ ತೊಟ್ಟಿಕ್ಕಿತು. ನಂತರ ಕರುಳಿನ ಇನ್ನೊಂದು ತುಂಡನ್ನು ಎರಡೂ ಕಡೆ ಗಂಟು ಹಾಕಿ ಬೇರೆ ಮಾಡಿದರು. ಅದಕ್ಕೆ ಹೋಗುವ ನರಗಳನ್ನು ಒಂದೊಂದಾಗಿ ಬಿಡಿಸಿ ಕತ್ತರಿಸಿದರು. ಈಗ ಆ ತುಂಡಿಗೂ ಉಳಿದ ದೇಹಕ್ಕೂ ಇದ್ದ ಸಂಬಂಧ ಎಂದರೆ ರಕ್ತನಾಳಗಳದ್ದು ಮಾತ್ರ. ಅದಕ್ಕೆ ಆಮ್ಲ ಹಾಕಿದರೆ ಏನೂ ಆಗಬಾರದು. ಹಾಕಿದರು. ಮೊದಲಿನಷ್ಟೇ ರಸ ಬಂತು.

ಹಾಗಿದ್ದರೆ ಇದು ರಾಸಾಯನಿಕ ಪ್ರತಿಕ್ರಿಯೆಯೇ ಇರಬೇಕು ಎಂದು ಸ್ಟಾರ್ಲಿಂಗ್ ಅಲ್ಲೇ ಅಂದದ್ದನ್ನು ಮಾರ್ಟಿನ್ ನೆನಪಿಸಿಕೊಂಡಿದ್ದಾನೆ. ಅಂದು ಸುಮ್ಮನಾಗುವ ಜಾಯಮಾನ ಅವನದಲ್ಲ. ಕರುಳಿನ ತುಂಡೊಂದನ್ನು ಕತ್ತರಿಸಿ ತೆಗೆದ. ಅದರ ಒಳಪದರವನ್ನು ಕೆರೆದು, ಮರಳು ಮತ್ತು ತೆಳು ಆಮ್ಲ ಸೇರಿಸಿ ಅರೆದು, ಸೋಸಿ, ಬಂದ ದ್ರವವನ್ನು ನಾಯಿಯ ಕುತ್ತಿಗೆಯ ಅಭಿಧಮನಿಗೆ ಚುಚ್ಚಿದ. ಕೆಲವು ಕ್ಷಣ ಏನೂ ಇಲ್ಲ. ಆಮೇಲೆ ಮೇದೋಜೀರಕದಿಂದ ಹಿಂದೆಂದಿಗಿಂತ ಹೆಚ್ಚು ರಸ ಸುರಿಯಿತು. ಬರೀ ಆಮ್ಲವನ್ನು ರಕ್ತಕ್ಕೆ ಚುಚ್ಚಿದರೆ ಹಾಗಾಗುವುದಿಲ್ಲ. ಆಮ್ಲ ತಾಗಿದಾಗ ಕರುಳಿನ ಒಳಪದರ ಏನನ್ನೋ ಬಿಡುಗಡೆ ಮಾಡುತ್ತದೆ, ಅದು ರಕ್ತದಲ್ಲಿ ಸಾಗಿ ಮೇದೋಜೀರಕವನ್ನು ಎಬ್ಬಿಸುತ್ತದೆ. ಆ 'ಏನೋ' ಒಂದಕ್ಕೆ ಅವರು 'ಸೆಕ್ರೆಟಿನ್' ಎಂದು ಹೆಸರಿಟ್ಟರು. ಸ್ರವಿಸುವಂತೆ ಮಾಡುವುದು ಎಂದು ಅರ್ಥ. ಕೆಲವೇ ದಿನಗಳಲ್ಲಿ ರಾಯಲ್ ಸೊಸೈಟಿಗೆ ಟಿಪ್ಪಣಿ ಹೋಯಿತು.

ಸುದ್ದಿ ಪೀಟರ್ಸ್‌ಬರ್ಗ್ ಮುಟ್ಟಿದಾಗ ಪಾವ್ಲೊವ್ ತನ್ನ ಪ್ರಯೋಗಶಾಲೆಯಲ್ಲೇ ಅದನ್ನು ಮಾಡಿಸಿ ನೋಡಿದ. ಶಿಷ್ಯರು ಸುತ್ತ ನಿಂತಿದ್ದರು. ಸಾರ ಚುಚ್ಚಿದ್ದೇ ತಡ, ರಸ ಇಳಿಯಿತು. ಪಾವ್ಲೊವ್ ಮಾತಿಲ್ಲದೆ ತನ್ನ ಕೋಣೆಗೆ ಹೋದ. ಅರ್ಧ ಗಂಟೆಯ ಮೇಲೆ ಹೊರಬಂದು, ಅವರು ಹೇಳಿದ್ದು ಸರಿ, ಸತ್ಯ ಕಂಡುಹಿಡಿಯುವ ಗುತ್ತಿಗೆ ನಮಗೊಬ್ಬರಿಗೇ ಇಲ್ಲವಲ್ಲ ಎಂಬರ್ಥದ ಮಾತಾಡಿದನೆಂದು ಅವನ ಶಿಷ್ಯ ಬಾಬ್ಕಿನ್ ಬರೆದಿದ್ದಾನೆ. ಪಾವ್ಲೊವ್ ಪೂರ್ತಿ ಸೋತನೆಂದೂ ಹೇಳುವಂತಿಲ್ಲ. ಮೇದೋಜೀರಕಕ್ಕೆ ನರಗಳ ಆಜ್ಞೆಯೂ ಇದೆ, ರಕ್ತದ ಸುದ್ದಿಯೂ ಇದೆ ಎಂದು ಈಗ ಗೊತ್ತು.

ಈ ನಾಯಿಗಳ ಬಗ್ಗೆ ಓದುಗರಿಗೆ ಕಸಿವಿಸಿಯಾಗುತ್ತಿದ್ದರೆ ಅದು ಅಂದಿನವರಿಗೂ ಆಗಿತ್ತು. 1903ರಲ್ಲಿ ಲಂಡನ್ನಿನ ಅದೇ ಯೂನಿವರ್ಸಿಟಿ ಕಾಲೇಜಿನಲ್ಲಿ ಕಂದು ಬಣ್ಣದ ನಾಯಿಯೊಂದರ ಮೇಲೆ ಬೇಲಿಸ್ ತೋರಿಸಿದ ಪ್ರಾತ್ಯಕ್ಷಿಕೆಯನ್ನು ವಿದ್ಯಾರ್ಥಿನಿಯರಾಗಿ ಸೇರಿಕೊಂಡಿದ್ದ ಸ್ವೀಡನ್ನಿನ ಇಬ್ಬರು ಯುವತಿಯರು ನೋಡಿ, ನಾಯಿಗೆ ಸರಿಯಾಗಿ ಅರಿವಳಿಕೆ ಕೊಟ್ಟಿರಲಿಲ್ಲ ಎಂದು ಆರೋಪಿಸಿದರು. ಅದನ್ನು ಸಭೆಯಲ್ಲಿ ಬಹಿರಂಗವಾಗಿ ಹೇಳಿದವನ ಮೇಲೆ ಬೇಲಿಸ್ ಮಾನನಷ್ಟ ಮೊಕದ್ದಮೆ ಹೂಡಿ ಎರಡು ಸಾವಿರ ಪೌಂಡ್ ಗೆದ್ದ, ಹಣವನ್ನು ಕಾಲೇಜಿನ ಸಂಶೋಧನೆಗೇ ಕೊಟ್ಟ. ಗಲಾಟೆ ಅಲ್ಲಿಗೆ ನಿಲ್ಲಲಿಲ್ಲ. 1906ರಲ್ಲಿ ಬ್ಯಾಟರ್‌ಸೀಯಲ್ಲಿ ಆ ನಾಯಿಯ ಪ್ರತಿಮೆ ನಿಂತಿತು, ವೈದ್ಯ ವಿದ್ಯಾರ್ಥಿಗಳು ಅದರ ವಿರುದ್ಧ ಬೀದಿಗಿಳಿದರು, 1910ರಲ್ಲಿ ಪೊಲೀಸ್ ಕಾವಲಿನಲ್ಲಿ ರಾತ್ರೋರಾತ್ರಿ ಪ್ರತಿಮೆ ಕಿತ್ತರು. ಹಾರ್ಮೋನಿನ ಇತಿಹಾಸ ಬರೆಯುವವರು ಈ ಅಧ್ಯಾಯವನ್ನು ಹಾರಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ.

ಇಷ್ಟಾದರೂ ಹಾರ್ಮೋನು ಎಂಬ ಪದ ಇನ್ನೂ ಹುಟ್ಟಿಲ್ಲ. ವಿಚಿತ್ರವೆಂದರೆ, ಪದ ಇಲ್ಲದೆಯೇ ಜನ ಹಾರ್ಮೋನುಗಳನ್ನು ಐವತ್ತು ವರ್ಷದಿಂದ ಎಡವುತ್ತಲೇ ಬಂದಿದ್ದರು. 1849ರಲ್ಲಿ ಜರ್ಮನಿಯ ಗಾಟಿಂಗನ್‌ನಲ್ಲಿ ಆರ್ನಾಲ್ಡ್ ಬರ್ತೋಲ್ಡ್ ಆರು ಹುಂಜಮರಿಗಳ ವೃಷಣಗಳನ್ನು ತೆಗೆದ. ವೃಷಣ ಕಳೆದುಕೊಂಡ ಹುಂಜಕ್ಕೆ ಜುಟ್ಟು ಕೆಂಪೇರುವುದಿಲ್ಲ, ಕೂಗುವ ಚಪಲ ಇಲ್ಲ, ಜಗಳವೂ ಇಲ್ಲ. ಕೆಲವಕ್ಕೆ ಅವನು ವೃಷಣವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಇಟ್ಟು ಹೊಲಿದ. ಅವು ಎಲ್ಲ ಹುಂಜಗಳಂತೆ ಜುಟ್ಟು ಬೆಳೆಸಿ ಕೂಗಿದವು. ನರಗಳ ಹಳೆಯ ಸಂಬಂಧ ಕಡಿದುಹೋಗಿತ್ತು, ಆದ್ದರಿಂದ ಪರಿಣಾಮ ರಕ್ತದ ಮೂಲಕವೇ ಆಗಿರಬೇಕು ಎಂದು ಅವನು ನಾಲ್ಕು ಪುಟಗಳಲ್ಲಿ ಬರೆದ. ಯಾರೂ ಗಮನಿಸಲಿಲ್ಲ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ತರುಣ ವೈದ್ಯ ಥೈರಾಯ್ಡ್ ಸೋತು ಮೈ ಊದಿಕೊಂಡು ಮಂಕಾಗಿದ್ದ ಹೆಂಗಸೊಬ್ಬಳಿಗೆ ಕುರಿಯ ಥೈರಾಯ್ಡಿನ ಸಾರ ಚುಚ್ಚಿದ. ಆಕೆ ಚೇತರಿಸಿಕೊಂಡು, ಕುರಿಗಳ ಋಣದಲ್ಲಿ ಇನ್ನೂ ಇಪ್ಪತ್ತೆಂಟು ವರ್ಷ ಬದುಕಿದಳು. ಅದೇ ಯೂನಿವರ್ಸಿಟಿ ಕಾಲೇಜಿನಲ್ಲಿ 1890ರ ದಶಕದ ಮಧ್ಯದಲ್ಲಿ ಎಡ್ವರ್ಡ್ ಶೇಫರ್ ಮತ್ತು ಜಾರ್ಜ್ ಆಲಿವರ್ ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಗ್ರಂಥಿಯ ಸಾರ ರಕ್ತದೊತ್ತಡವನ್ನು ಎಷ್ಟು ಜೋರಾಗಿ ಏರಿಸುತ್ತದೆಂದು ತೋರಿಸಿದ್ದರು.

ಇವುಗಳ ನಡುವೆ ಒಂದು ಹಾಸ್ಯ ಪ್ರಸಂಗವೂ ಇದೆ. 1889ರಲ್ಲಿ ಪ್ಯಾರಿಸ್ಸಿನ ಖ್ಯಾತ ವಿಜ್ಞಾನಿ ಬ್ರೌನ್ ಸೆಕಾರ್, ವಯಸ್ಸು ಎಪ್ಪತ್ತೆರಡು, ನಾಯಿ ಮತ್ತು ಗಿನಿಯಿಲಿಗಳ ವೃಷಣದ ಸಾರವನ್ನು ತನಗೇ ಚುಚ್ಚಿಕೊಂಡು, ಯೌವನ ಮರಳಿತು, ಮೆಟ್ಟಿಲನ್ನು ಓಡುತ್ತಾ ಹತ್ತುತ್ತೇನೆ ಎಂದು ವಿಜ್ಞಾನಿಗಳ ಸಭೆಯಲ್ಲಿ ಘೋಷಿಸಿದ. ನೀರಿನಲ್ಲಿ ತೆಗೆದ ಆ ಸಾರದಲ್ಲಿ ಟೆಸ್ಟೋಸ್ಟಿರಾನ್ ಇರುವುದು ಲೆಕ್ಕಕ್ಕೆ ಸಿಗದಷ್ಟು. ಓಡಿಸಿದ್ದು ಅವನ ನಂಬಿಕೆಯೇ. ಆದರೆ ಆ ಘೋಷಣೆಯಿಂದ ಯುರೋಪಿನಲ್ಲೆಲ್ಲ ಗ್ರಂಥಿಸಾರಗಳ ಹುಚ್ಚು ಹರಡಿತು, ಒಳ್ಳೆಯ ಸಂಶೋಧಕರೂ ಅತ್ತ ತಿರುಗಿದರು. ತಪ್ಪು ಪ್ರಯೋಗವೊಂದು ಸರಿದಾರಿ ತೋರಿಸಿದ ಉದಾಹರಣೆ ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಹೀಗೆ ಹುಂಜ, ಕುರಿ, ಮೂತ್ರಪಿಂಡದ ಟೋಪಿ, ಮುದುಕನ ಮೆಟ್ಟಿಲು ಎಲ್ಲವೂ ಬೇರೆ ಬೇರೆ ಕಥೆಗಳಾಗಿ ಬಿದ್ದಿದ್ದವು. 'ಒಳಸ್ರಾವ' ಎಂಬ ಮಾತನ್ನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1855ರಲ್ಲೇ ಬಳಸಿದ್ದ. ಅವನು ಅಂದದ್ದು ಯಕೃತ್ತು ರಕ್ತಕ್ಕೆ ಬಿಡುವ ಸಕ್ಕರೆಯ ಬಗ್ಗೆ. ಸಕ್ಕರೆ ಆಹಾರ, ಯಾರಿಗೂ ಏನೂ ಹೇಳುವುದಿಲ್ಲ. ಸೆಕ್ರೆಟಿನ್ ಆಹಾರವಲ್ಲ, ಅದರಿಂದ ಶಕ್ತಿ ಬರುವುದಿಲ್ಲ, ಅಂಗಾಂಶ ಕಟ್ಟಲು ಅದು ಬೇಡ. ಅದರದ್ದು ಸುದ್ದಿ ಮುಟ್ಟಿಸುವ ಕೆಲಸ. ನರವು ಒಬ್ಬನ ಕಿವಿಗೆ ಮಾತ್ರ ಹೇಳಿದರೆ, ರಕ್ತಕ್ಕೆ ಬಿಟ್ಟ ರಾಸಾಯನಿಕ ಊರಿಗೆಲ್ಲ ಹೊಡೆದ ಡಂಗುರ. ಎಲ್ಲರಿಗೂ ಕೇಳಿಸುತ್ತದೆ, ಸಂಬಂಧಪಟ್ಟವರು ಮಾತ್ರ ಎದ್ದು ಬರುತ್ತಾರೆ. ಈ ಕೆಲಸಕ್ಕೇ ಒಂದು ಹೆಸರು ಬೇಕಾಗಿತ್ತು.

ಹೆಸರು ಸಿಕ್ಕಿದ್ದು ಕೇಂಬ್ರಿಡ್ಜಿನ ಕೀಸ್ ಕಾಲೇಜಿನ ಊಟದ ಮೇಜಿನಲ್ಲಿ ಎಂದು ಜೋಸೆಫ್ ನೀಡಂ 1936ರ ತನ್ನ ಪುಸ್ತಕವೊಂದರಲ್ಲಿ ಬರೆದಿದ್ದಾನೆ. ಅಲ್ಲಿನ ಜೀವವಿಜ್ಞಾನಿ ವಿಲಿಯಂ ಹಾರ್ಡಿ ಲಂಡನ್ನಿನ ಅತಿಥಿಯೊಬ್ಬನನ್ನು ಊಟಕ್ಕೆ ಕರೆದಿದ್ದ. ರಕ್ತಕ್ಕಿಳಿದು ಇನ್ನೊಂದು ಅಂಗವನ್ನು ಎಬ್ಬಿಸುವ ವಸ್ತುವಿಗೆ ಏನೆನ್ನಬೇಕು ಎಂಬ ಮಾತು ಬಂತು. ಅದೇ ಮೇಜಿನಲ್ಲಿದ್ದ ವೀಸಿ ಎಂಬ ಗ್ರೀಕ್ ಪಂಡಿತ, ಪಿಂಡಾರ್ ಕವಿಯ ಕಾವ್ಯದಲ್ಲಿ ಪಳಗಿದವನು, 'ಹೊರ್ಮಾವೊ' ಎಂಬ ಕ್ರಿಯಾಪದ ಸೂಚಿಸಿದ. ಎಬ್ಬಿಸು, ಹುರಿದುಂಬಿಸು, ಮುನ್ನುಗ್ಗಿಸು ಎಂದೆಲ್ಲ ಅದರ ಅರ್ಥ. ಸ್ಟೋಯಿಕ್ ತತ್ತ್ವಜ್ಞಾನಿಗಳು ಮನಸ್ಸಿನ ಒಳತುಡಿತಕ್ಕೆ 'ಹೊರ್ಮೆ' ಎನ್ನುತ್ತಿದ್ದರು. ಕೆಲವು ಭಾಷಾವಿಜ್ಞಾನಿಗಳು ಇದನ್ನು ಹರಿ, ಚಲಿಸು ಎಂಬರ್ಥದ ಸಂಸ್ಕೃತದ 'ಸೃ' ಧಾತುವಿನೊಂದಿಗೆ ಹೊಂದಿಸುತ್ತಾರೆ. ನಮ್ಮ ಪ್ರಸಾರ, ಸಂಸಾರಗಳ ಧಾತುವೂ ಅದೇ. ಮೂವತ್ತು ವರ್ಷಗಳ ನಂತರ ಬರೆದ ಊಟದ ಮೇಜಿನ ಕಥೆಯಲ್ಲಿ ಒಂದಿಷ್ಟು ಒಗ್ಗರಣೆ ಬಿದ್ದಿರಬಹುದು. ಅಂತೂ ಗ್ರೀಕ್ ಮೂಲ ಮಾತ್ರ ಸ್ಟಾರ್ಲಿಂಗ್‌ನ ಉಪನ್ಯಾಸದಲ್ಲೇ ಅಚ್ಚಾಗಿದೆ.

ಪದ ಬಂದ ಮೇಲೆ ಬಿಡಿ ಕಥೆಗಳೆಲ್ಲ ಒಂದೇ ಸೂರಿನಡಿ ಬಂದವು. ಸಂಶೋಧಕರು ಕಾಣದ ಹಾರ್ಮೋನುಗಳನ್ನೂ ಹುಡುಕತೊಡಗಿದರು. ಇನ್ಸುಲಿನ್‌ನ ಕಥೆಯನ್ನೇ ನೋಡಿ. ಮೇದೋಜೀರಕದಲ್ಲಿ ದ್ವೀಪಗಳಂತೆ ಚದುರಿದ ಕೋಶಗುಚ್ಛಗಳಿವೆ. ಸಕ್ಕರೆ ಕಾಯಿಲೆಗೆ ಕಾರಣ ಅಲ್ಲಿಂದ ಬರಬೇಕಾದ ಹಾರ್ಮೋನಿನ ಕೊರತೆ ಎಂದು ಊಹಿಸಿ, ದ್ವೀಪಕ್ಕಿರುವ ಲ್ಯಾಟಿನ್ ಹೆಸರಾದ 'ಇನ್ಸುಲಾ'ದಿಂದ ಆ ವಸ್ತುವಿಗೆ ಬೆಲ್ಜಿಯಂನ ಡಿ ಮೇಯರ್ 1909ರಲ್ಲೇ ಹೆಸರಿಟ್ಟ. ಕೆಲವು ವರ್ಷಗಳ ಮೇಲೆ ಶೇಫರ್ ತಾನಾಗಿ ಅದೇ ಹೆಸರಿಗೆ ಬಂದ. ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ವಸ್ತುವಿನ ಬೆನ್ನು ಹತ್ತಿದ್ದು 1921ರಲ್ಲಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದರೆಂದು ನಗಬೇಕಿಲ್ಲ, ಇಲ್ಲಿ ಕುಲಾವಿ ಸರಿಯಾಗಿಯೇ ಕೂತಿತು.

ಎಲ್ಲರಿಗೂ ಪದ ಹಿಡಿಸಲಿಲ್ಲ. ಶೇಫರ್‌ನ ತಕರಾರಿಗೆ ನನ್ನ ಸಹಾನುಭೂತಿಯಿದೆ. ಹಾರ್ಮೋನು ಎಂದರೆ ಎಬ್ಬಿಸುವುದು. ಆದರೆ ಮಲಗಿಸುವ, ಕೆಲಸ ತಡೆಯುವ ಒಳಸ್ರಾವಗಳೂ ಇರಬಹುದಲ್ಲ, ಅವನ್ನೂ 'ಎಬ್ಬಿಸುವವು' ಎನ್ನುವುದೇ ಎಂದು ಆತ ಕೇಳಿದ. ತಡೆಯುವವಕ್ಕೆ 'ಕ್ಯಾಲೋನ್', ಎರಡಕ್ಕೂ ಸೇರಿ 'ಆಟಕಾಯ್ಡ್' ಎಂದು ಪರ್ಯಾಯ ಹೆಸರುಗಳನ್ನೂ ಕೊಟ್ಟ. ವ್ಯಾಕರಣದ ದೃಷ್ಟಿಯಿಂದ ಅವನದೇ ನ್ಯಾಯ. ಬಳಕೆಯ ಮುಂದೆ ವ್ಯಾಕರಣ ನಡೆಯಲಿಲ್ಲ, ಆಟಕಾಯ್ಡ್ ಇಂದು ಔಷಧಶಾಸ್ತ್ರದ ಪುಸ್ತಕಗಳಲ್ಲಿ ಬೇರೆ ಅರ್ಥದಲ್ಲಿ ಉಳಿದಿದೆ. 1970ರ ದಶಕದಲ್ಲಿ ಸಿಕ್ಕ ಸೊಮಾಟೊಸ್ಟಾಟಿನ್ ಬೆಳವಣಿಗೆಯ ಹಾರ್ಮೋನನ್ನು ತಡೆಯುತ್ತದೆ, ಸೆಕ್ರೆಟಿನ್ನನ್ನೂ ತಡೆಯುತ್ತದೆ. ಅದನ್ನೂ ನಾವು ಹಾರ್ಮೋನು ಎಂದೇ ಕರೆಯುತ್ತೇವೆ.

ಈ ಪದದ ಬಗ್ಗೆ ಗಮನಿಸಬೇಕಾದ ಸಂಗತಿ ಇಲ್ಲಿದೆ. ಪ್ರೋಟೀನ್, ಕೊಬ್ಬು, ಸಕ್ಕರೆ ಇವೆಲ್ಲ ವಸ್ತುಗಳ ಹೆಸರು. ಹಾರ್ಮೋನು ಹುದ್ದೆಯ ಹೆಸರು. ಸೆಕ್ರೆಟಿನ್ ಇಪ್ಪತ್ತೇಳು ಅಮೈನೋ ಆಮ್ಲಗಳ ಸರಪಳಿ. ಟೆಸ್ಟೋಸ್ಟಿರಾನ್, ಈಸ್ಟ್ರೋಜನ್‌ಗಳು ಕೊಲೆಸ್ಟರಾಲಿನಿಂದ ತಯಾರಾಗುತ್ತವೆ. ಅಡ್ರಿನಲಿನ್ ಒಂದೇ ಒಂದು ಅಮೈನೋ ಆಮ್ಲದಿಂದ ಆಗುವ ಪುಟ್ಟ ಅಣು. ರಾಸಾಯನಿಕವಾಗಿ ಒಂದಕ್ಕೊಂದು ನಂಟಿಲ್ಲ. ರಕ್ತಕ್ಕಿಳಿದು ಬೇರೆಡೆ ಕೆಲಸ ಮಾಡಿಸುತ್ತವೆ ಎಂಬುದಷ್ಟೇ ಅವನ್ನು ಒಂದು ಜಾತಿ ಮಾಡಿದ್ದು. ಹುದ್ದೆಯ ಹೆಸರಾದ್ದರಿಂದಲೇ ಅದು ಮನುಷ್ಯನನ್ನು ದಾಟಿ ಗಿಡಕ್ಕೂ ಹುಳಕ್ಕೂ ಹೋಯಿತು.

ಹುಳದ ಮಾತು ಬಂದಾಗ ಕರ್ನಾಟಕಕ್ಕೆ ಬರಲೇಬೇಕು. ಕೋಲಾರ, ರಾಮನಗರ, ಚಿಕ್ಕಬಳ್ಳಾಪುರದ ಕಡೆ ರೇಷ್ಮೆ ಸಾಕಿದ ಮನೆಗಳಲ್ಲಿ ಹುಳು ಪೊರೆ ಬಿಡುವುದಕ್ಕೆ 'ಜ್ವರ' ಎನ್ನುತ್ತಾರೆ. ಹುಳು ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಜ್ವರದಿಂದೆದ್ದ ಮೇಲೆ ಹಳೆಯ ಚರ್ಮ ಕಳಚಿ ಹೊಸ ಹಸಿವಿನೊಂದಿಗೆ ಹೊರಬರುತ್ತದೆ. ಇಂಥ ನಾಲ್ಕು ಜ್ವರ ದಾಟಿದ ಹುಳು ಕೊನೆಗೆ 'ಹಣ್ಣಾಗಿ' ಚಂದ್ರಿಕೆಗೆ ಏರಿ ಗೂಡು ಕಟ್ಟುತ್ತದೆ. ಈ ಜ್ವರಗಳನ್ನು ಬರಿಸುವುದು ಎಕ್ಡೈಸೋನ್ ಎಂಬ ಹಾರ್ಮೋನು. ಹುಳುವಿನ ಎಳೆತನ ಕಾಯುವ ಇನ್ನೊಂದು ಹಾರ್ಮೋನು ಇಳಿದಾಗ ಅದೇ ಎಕ್ಡೈಸೋನ್ ಹುಳುವನ್ನು ಗೂಡಿನತ್ತ ತಳ್ಳುತ್ತದೆ.

ಎಕ್ಡೈಸೋನನ್ನು ಶುದ್ಧ ಹರಳಾಗಿ ತೆಗೆದವರು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಪೀಟರ್ ಕಾರ್ಲ್‌ಸನ್, 1954ರಲ್ಲಿ. ಕೋಶಾವಸ್ಥೆಯ ಐನೂರು ಕೆಜಿ ರೇಷ್ಮೆ ಹುಳುಗಳನ್ನು ಅರೆದು ಸೋಸಿದಾಗ ಸಿಕ್ಕಿದ್ದು ಇಪ್ಪತ್ತೈದು ಮಿಲಿಗ್ರಾಂ. ನಮ್ಮ ರೈತರು ಸಾಕುವ ಬಾಂಬಿಕ್ಸ್ ಮೋರಿ ಎಂಬ ಜಾತಿಯದೇ ಹುಳು. ಗಿಡಗಳಲ್ಲೂ ಎಕ್ಡೈಸೋನನ್ನು ಹೋಲುವ ವಸ್ತುಗಳಿವೆ. ಅವನ್ನು ತೆಗೆದು ನೀರಿನಲ್ಲಿ ಬೆರೆಸಿ, ಒಂದೆರಡು ಹುಳು ಹಣ್ಣಾಗತೊಡಗಿದಾಗ ಹಿಪ್ಪುನೇರಳೆ ಸೊಪ್ಪಿನ ಮೇಲೆ ಚಿಮುಕಿಸಿ ತಿನ್ನಿಸುವ ಪದ್ಧತಿ ರೇಷ್ಮೆ ಸಾಕಣೆಯಲ್ಲಿ ಬಂದಿದೆ. ಹುಳುಗಳೆಲ್ಲ ಹೆಚ್ಚು ಕಡಿಮೆ ಒಟ್ಟಿಗೆ ಹಣ್ಣಾಗುತ್ತವೆ. ಎರಡು ಮೂರು ದಿನ ರಾತ್ರಿ ಹಗಲು ಹಣ್ಣುಹುಳು ಆರಿಸುವ ಕೂಲಿ ಉಳಿಯುತ್ತದೆ. ಇಲ್ಲಿ ಹಾರ್ಮೋನು ಎಂದರೆ ಕೂಲಿಯ ಲೆಕ್ಕ.

ಬುಟೆನಾಂಟ್ ಅಷ್ಟಕ್ಕೆ ಬಿಡಲಿಲ್ಲ. ಹೆಣ್ಣು ರೇಷ್ಮೆಚಿಟ್ಟೆ ಗಾಳಿಗೆ ಬಿಡುವ ವಾಸನೆಯ ಹಿಂದೆ ಬಿದ್ದು, ಸುಮಾರು ಐದು ಲಕ್ಷ ಹೆಣ್ಣು ಚಿಟ್ಟೆಗಳಿಂದ 1959ರಲ್ಲಿ ಬಾಂಬಿಕೋಲ್ ಎಂಬ ವಸ್ತುವನ್ನು ಗುರುತಿಸಿದ. ಇದು ರಕ್ತದಲ್ಲಿ ಹೋಗುವುದಿಲ್ಲ, ಒಂದು ದೇಹದಿಂದ ಇನ್ನೊಂದಕ್ಕೆ ಗಾಳಿಯಲ್ಲಿ ಹೋಗುತ್ತದೆ. ಹಾಗಾಗಿ ಅದೇ ವರ್ಷ ಕಾರ್ಲ್‌ಸನ್ ಮತ್ತು ಮಾರ್ಟಿನ್ ಲೂಷರ್ 'ಒಯ್ಯು' ಎಂಬರ್ಥದ ಗ್ರೀಕ್ ಪದಕ್ಕೆ ಹಾರ್ಮೋನಿನ ಬಾಲ ಅಂಟಿಸಿ 'ಫೆರೋಮೋನ್' ಎಂದು ಹೊಸ ಪದ ಕಟ್ಟಿದರು. ತೆಂಗಿನ ತೋಟದಲ್ಲಿ ಕೆಂಪು ಮೂತಿ ಹುಳು ಹಿಡಿಯಲು ಬಕೆಟ್ಟಿನಲ್ಲಿ ತೂಗುಹಾಕುವ ಮೋಹಕ ಬಲೆಯೊಳಗಿನ ಪೊಟ್ಟಣ ಇದೇ ವಂಶದ್ದು. ಕೇಂಬ್ರಿಡ್ಜಿನ ಊಟದ ಮೇಜಿನಿಂದ ತಿಪಟೂರಿನ ತೆಂಗಿನ ತೋಟಕ್ಕೆ ಪದ ಬಂದ ದಾರಿ ಇದು.

ನಮ್ಮ ಭಾಷೆಗಳು ಇದಕ್ಕೆ ತಮ್ಮದೇ ಪದ ಕಟ್ಟಲು ನೋಡಿವೆ. ಮರಾಠಿಯಲ್ಲಿ 'ಸಂಪ್ರೇರಕ', ತಮಿಳಿನಲ್ಲಿ 'ಇಯಕ್ಕುನೀರ್', ಎಂದರೆ ನಡೆಸುವ ನೀರು. ಕನ್ನಡದ ಕೆಲವು ವಿಜ್ಞಾನ ಬರಹಗಳಲ್ಲಿ 'ಚೋದಕ' ಕಾಣುತ್ತದೆ. ಅರ್ಥದಲ್ಲಿ ಅದು ಗ್ರೀಕ್ ಮೂಲಕ್ಕೆ ಬಹಳ ಹತ್ತಿರ, ಪ್ರಚೋದನೆಯ ಒಡಹುಟ್ಟು. ಆದರೂ ಹಾರ್ಮೋನೇ ಗೆದ್ದಿತು. ಗ್ರಂಥಿಗಳಿಗೆ ಕೊಟ್ಟ 'ನಿರ್ನಾಳ' ಎಂಬ ಹೆಸರು ಮಾತ್ರ ಶಾಲೆಯ ಪಾಠದಲ್ಲಿ ಗಟ್ಟಿಯಾಗಿ ನಿಂತಿದೆ. ನಳಿಕೆಯಿಲ್ಲದೆ ನೇರ ರಕ್ತಕ್ಕೆ ಸುರಿಯುವ ಗ್ರಂಥಿ ಎಂದು ಪದವೇ ಪಾಠ ಹೇಳುತ್ತದೆ.

ಸೆಕ್ರೆಟಿನ್ ಏನಾಯಿತು ಎಂದರೆ, ಮೊದಲು ಸಿಕ್ಕ ಅದೇ ಕೈಗೆ ಸಿಗಲು ಸತಾಯಿಸಿತು. ಸ್ಟಾಕ್‌ಹೋಮಿನಲ್ಲಿ ಯೋರ್ಪಿಸ್ ಮತ್ತು ವಿಕ್ಟರ್ ಮುಟ್ ಸಾವಿರಾರು ಹಂದಿಗಳ ಕರುಳು ಸಂಸ್ಕರಿಸಿ ಅದನ್ನು ಶುದ್ಧಗೊಳಿಸುವಾಗ 1960ರ ದಶಕ ಬಂದಿತ್ತು. ಈಗ ಮೇದೋಜೀರಕ ಸರಿಯಾಗಿ ರಸ ಬಿಡುತ್ತದೆಯೇ ಎಂದು ಪರೀಕ್ಷಿಸಲು ಆಸ್ಪತ್ರೆಗಳಲ್ಲಿ ಅದನ್ನು ಚುಚ್ಚುತ್ತಾರೆ. ಅಂದಿನ ಪ್ರಯೋಗವೇ ಇಂದಿನ ಪರೀಕ್ಷೆ. ಸ್ಟಾರ್ಲಿಂಗ್‌ಗೆ ನೊಬೆಲ್ ಬರಲಿಲ್ಲ. 1927ರಲ್ಲಿ ಜಮೈಕಾದ ಬಳಿ ಹಡಗಿನಲ್ಲಿ ತೀರಿಕೊಂಡ.

ನಮ್ಮ ರಕ್ತದಲ್ಲಿ ಹಾರ್ಮೋನು ಇರುವುದು ನ್ಯಾನೋಗ್ರಾಂಗಳಲ್ಲಿ, ಕೆಲವು ಅದಕ್ಕೂ ಕಡಿಮೆ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ. ಅಷ್ಟು ಸಣ್ಣದನ್ನು ಅಳೆಯುವ ಉಪಾಯವನ್ನು ನ್ಯೂಯಾರ್ಕಿನ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ 1950ರ ದಶಕದ ಕೊನೆಗೆ ಕಂಡುಹಿಡಿದರು. ಬರ್ಸನ್ ತೀರಿಕೊಂಡ ಮೇಲೆ 1977ರಲ್ಲಿ ಯಾಲೋಗೆ ನೊಬೆಲ್ ಬಂತು. ಅವರ ದಾರಿಯಲ್ಲೇ ಬೆಳೆದ ತಂತ್ರಗಳಿಂದ ಇಂದು ತಾಲ್ಲೂಕಿನ ಲ್ಯಾಬಿನಲ್ಲೂ ಥೈರಾಯ್ಡ್ ಪರೀಕ್ಷೆ ಸಾಧ್ಯವಾಗಿದೆ.

ಆ ವರದಿಯಲ್ಲಿ ಟಿಎಸ್‌ಎಚ್ ಎಂಬ ಸಾಲು ಇರುತ್ತದಲ್ಲ, ಅದು ಥೈರಾಯ್ಡ್ ಮಾಡುವ ಹಾರ್ಮೋನಲ್ಲ. ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಎಬ್ಬಿಸಲು ಕಳಿಸುವ ಹಾರ್ಮೋನು. ಥೈರಾಯ್ಡ್ ತೂಕಡಿಸಿದಷ್ಟೂ ಪಿಟ್ಯುಟರಿ ಜೋರಾಗಿ ಕೂಗುತ್ತದೆ. ಆದ್ದರಿಂದ ಟಿಎಸ್‌ಎಚ್ ಹೆಚ್ಚಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದೆ ಎಂದರ್ಥ. 'ನನಗೆ ಥೈರಾಯ್ಡ್ ಜಾಸ್ತಿ ಇದೆ' ಎಂದು ವರದಿ ಹಿಡಿದು ಹೇಳುವ ಎಷ್ಟೋ ಜನರಿಗೆ ಇರುವುದು ಕಡಿಮೆ. 'ಹಾರ್ಮೋನ್ ಪ್ರಾಬ್ಲಂ' ಎಂದು ಯಾರಾದರೂ ಹೇಳಿ ಮಾತು ಮುಗಿಸಿದರೆ ಬಿಡಬೇಡಿ. ಯಾವ ಹಾರ್ಮೋನು, ಎಲ್ಲಿಂದ ಬರುವುದು, ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.